ಅವಳು ಬರೆದುಕೊಟ್ಟ ಸಾಲವನ್ನು ನಾವು ಮುಚ್ಚಿಟ್ಟೆವು

ಸರ್ಕಾರಿ ನೌಕರಿಗೆ ಸೇರುವವರ ಭದ್ರತಾ ಪರಿಶೀಲನೆ ನಡೆಸುವ ಅಧಿಕಾರಿಗಳಿಗೆ,

ಮಾನ್ಯರೇ,

ತಾವು ಕ್ಷೇಮವೇ? ಮನೆಯವರೆಲ್ಲ ಆರೋಗ್ಯವೇ? ಕಾಗದ ಬರೆಯುವಾಗ ಒಬ್ಬೊಬ್ಬರ ಹೆಸರು ಹಿಡಿದು ಕೇಳಿದ ಮೇಲೆಯೇ ಮುಂದಿನ ಮಾತಿಗೆ ಬರುವುದು ನನ್ನ ಅಭ್ಯಾಸ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಗೊತ್ತಾಗದಂತೆ ನೋಡಿಕೊಳ್ಳುವುದೇ ನಿಮ್ಮ ಕೆಲಸದ ರೀತಿಯಂತೆ. ನಿಮ್ಮ ಕಡೆಯಿಂದ ನಮ್ಮ ಬೀದಿಗೆ ಬಂದು ಹೋದವರ ಹೆಸರೂ ಗೊತ್ತಿಲ್ಲ. ಅವರ ಮಗಳ ಹೆಸರು ಮಾತ್ರ ಗೊತ್ತು. ಆ ಮಗು ಕವನಾಳ ಹಲ್ಲುನೋವು ವಾಸಿಯಾಯಿತೇ? ಇಲ್ಲಿ ನನ್ನ ತಮ್ಮನ ಮಗ ಪರಮೇಶಿಗೆ ಬಿ.ಪಿ. ಏರಿದೆ. ಅವನ ಹೆಂಡತಿ ಪುಷ್ಪಾ ತಟ್ಟೆ ಮುಂದೆ ಕೂತು ಎದ್ದು ಹೋಗುತ್ತಾಳೆ. ಅವರ ಮಗಳು ರಂಜಿನಿ ಆರೋಗ್ಯವಾಗಿದ್ದಾಳೆ, ಆದರೆ ನನ್ನೊಡನೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾಳೆ. ಈ ಮೂವರ ಸ್ಥಿತಿಗೆ ಅರ್ಧ ಕಾರಣ ನೀವು, ಅರ್ಧ ಕಾರಣ ನಾನು. ನಿಮ್ಮ ಪಾಲು ನಿಮಗೆ ಹೇಳಬೇಕು, ನನ್ನ ಪಾಲು ಊರಿಗೇ ಹೇಳಬೇಕು. ಅದಕ್ಕಾಗಿ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ದೂರು ಇಷ್ಟು. ರಂಜಿನಿ ಪರೀಕ್ಷೆ ಬರೆದು, ಸಂದರ್ಶನ ಮುಗಿಸಿ, ದೇಶದ ರಕ್ಷಣೆಗೆ ಸಂಬಂಧಪಟ್ಟ ಯಾವುದೋ ಒಂದು ಸಂಸ್ಥೆಯ ಹುದ್ದೆಗೆ ಆಯ್ಕೆಯಾಗಿದ್ದಾಳೆ. ನೀವು ಒಪ್ಪಿಗೆ ಕೊಟ್ಟರೆ ಮಾತ್ರ ಅವಳು ಒಳಗೆ ಕಾಲಿಡಬಹುದು. ತನ್ನ ಮೇಲೆ ಸಾಲವಿದೆ ಎಂದು ಅವಳೇ ನಿಮಗೆ ಬರೆದುಕೊಟ್ಟಿದ್ದಳು. ಅವಳ ನೆರೆಹೊರೆಯವರಾದ ನಾವು, ಸಾಲವೇ ಇಲ್ಲ ಎಂದು ನಿಮ್ಮವರ ಮುಂದೆ ಬಾಯಿ ತುಂಬ ಹೇಳಿದೆವು. ನಿಜ ಬರೆದವಳನ್ನು ನಿಲ್ಲಿಸಿ ಸುಳ್ಳು ಹೇಳಿದವರನ್ನು ನೀವು ನಂಬಿದಿರಿ. ಬರುವ ತಿಂಗಳ ಹದಿನೈದರೊಳಗೆ ಒಪ್ಪಿಗೆ ಸಿಗದಿದ್ದರೆ ಆ ಹುದ್ದೆ ಪಟ್ಟಿಯಲ್ಲಿ ಅವಳ ಹಿಂದಿರುವವರಿಗೆ ಹೋಗುತ್ತದಂತೆ.

ನಾವು ಯಾಕೆ ಸುಳ್ಳು ಹೇಳಿದೆವು ಎಂದು ನೀವು ಕೇಳಬೇಕಿತ್ತು. ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಅವತ್ತು ಮಧ್ಯಾಹ್ನ ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಎದುರುಮನೆಯ ದ್ಯಾಮಮ್ಮ ಮೊರ ತಂದುಕೊಂಡು ಪಕ್ಕದಲ್ಲಿ ಕೂತಿದ್ದಳು. ಐವತ್ತರ ಆಸುಪಾಸಿನ, ಇಸ್ತ್ರಿ ಮಾಡಿದ ಬಿಳಿ ಷರ್ಟಿನ ಒಬ್ಬರು ಮೂಲೆಯ ಜ್ಞಾನೇಶನ ಅಂಗಡಿ ಮುಂದೆ ಬೈಕು ನಿಲ್ಲಿಸಿದರು. ಅವನ ಹತ್ತಿರ ಸ್ವಲ್ಪ ಹೊತ್ತು ಏನೋ ಮಾತಾಡಿ, ನಿಧಾನಕ್ಕೆ ನಮ್ಮ ಕಡೆ ಬಂದರು.

"ಅಮ್ಮಾ, ಪರಮೇಶ್ ಅವ್ರ ಮನೆ ಇದೇನಾ?"

"ಪಕ್ಕದ್ದು ಕಣಪ್ಪ. ಈಗ ಯಾರೂ ಇಲ್ಲ, ಎಲ್ಲ ಕೆಲ್ಸಕ್ಕೆ ಹೋಗಿದಾರೆ. ಏನಾಗ್ಬೇಕಿತ್ತು?"

"ಏನಿಲ್ಲ, ಹೀಗೇ ಬಂದೆ. ಅವ್ರ ಮಗಳು ರಂಜಿನಿ ಅಂತ ಇದಾರಲ್ಲ, ಹುಡುಗಿ ಹೇಗೆ?"

ಮಾನ್ಯರೇ, ನೀವು ಯಾವ ಊರಿನವರೋ ತಿಳಿಯದು. ನಮ್ಮ ಕಡೆ ಇಸ್ತ್ರಿ ಷರ್ಟು ತೊಟ್ಟ ಹಿರಿಯರೊಬ್ಬರು, ಮನೆಯವರಿಲ್ಲದ ಹೊತ್ತು ನೋಡಿ ಬಂದು, ಮೊದಲು ಅಂಗಡಿಯಲ್ಲಿ ವಿಚಾರಿಸಿ, ಆಮೇಲೆ ಪಕ್ಕದ ಮನೆಯ ಜಗಲಿಯ ಹತ್ತಿರ ನಿಂತು 'ಹೀಗೇ ಬಂದೆ, ಹುಡುಗಿ ಹೇಗೆ' ಎಂದರೆ ಅದಕ್ಕೆ ಬೇರೆ ಅರ್ಥವಿಲ್ಲ. ಅವರು ಗಂಡಿನ ಕಡೆಯವರು. ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಗುಟ್ಟಾಗಿ ವಿಚಾರಿಸಿಕೊಂಡು ಹೋಗಲು ಬಂದಿದ್ದಾರೆ. ಅವರು ತಾವು ಯಾರೆಂದು ಹೇಳಬಾರದು, ನಾವು ಕೇಳಬಾರದು. ಇದು ಎರಡೂ ಕಡೆಯವರಿಗೆ ಗೊತ್ತಿರುವ ಮರ್ಯಾದೆ. ಅಂಥ ಹೊತ್ತಿನಲ್ಲಿ ಪಕ್ಕದ ಮನೆಯವರ ಬಾಯಿಂದ ಒಂದು ಕೊಂಕು ಮಾತು ಬಂದರೆ ಹುಡುಗಿಯ ಮದುವೆ ನಿಂತೇ ಹೋಗುತ್ತದೆ. ಹಾಗೆ ನಿಂತು ಹೋದ ಮದುವೆಗಳನ್ನು ನಾನು ಈ ಬೀದಿಯಲ್ಲೇ ನೋಡಿದ್ದೇನೆ. ಅದಕ್ಕೆ ಇಲ್ಲಿ ಯಾರ ಮನೆ ಹೆಣ್ಣಿನ ಬಗ್ಗೆ ಯಾರು ಬಂದು ಕೇಳಿದರೂ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹೊಗಳಿ ಕಳಿಸುವುದು ರೂಢಿ. ಜಗಳವಾಡಿ ಮಾತು ಬಿಟ್ಟವರೂ ಆ ಒಂದು ದಿನ ಹೊಗಳುತ್ತಾರೆ.

ಇನ್ನೊಂದು ಸಂಗತಿಯನ್ನೂ ಒಪ್ಪಿಕೊಳ್ಳಬೇಕು. ರಂಜಿನಿಗೆ ಹೇಳದೆಯೇ ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಳೆ ಅಂಗಡಿ ಇಟ್ಟಿರುವ ಚಂದ್ರಹಾಸನ ಕಿವಿಗೆ ಒಂದು ಮಾತು ಹಾಕಿ ಬಂದಿದ್ದೆ: 'ನಮ್ಮ ಹುಡುಗಿ ಇದಾಳೆ, ಒಳ್ಳೆ ಕಡೆ ಇದ್ರೆ ಹೇಳಪ್ಪ' ಎಂದು. ಹಾಗಾಗಿ ಯಾರಾದರೂ ಬರುತ್ತಾರೆಂದು ನಾನು ಬಾಗಿಲಲ್ಲಿ ಕಣ್ಣಿಟ್ಟುಕೊಂಡೇ ಇದ್ದವಳು. ನೌಕರಿಯ ವಿಚಾರಣೆ ಎಂಬುದು ನಮ್ಮ ಯಾರ ಮನಸ್ಸಿಗೂ ಹೊಳೆಯಲಿಲ್ಲ. ರಂಜಿನಿಯನ್ನು ಅದಕ್ಕೂ ಮುಂಚೆಯೇ ಪೊಲೀಸ್ ಸ್ಟೇಷನ್ನಿಗೆ ಕರೆಸಿ ಕಾಗದಪತ್ರ ನೋಡಿ ಕಳಿಸಿದ್ದರು. ಅಲ್ಲಿಗೆ ಎಲ್ಲ ಮುಗಿಯಿತು ಎಂದು ಅವಳ ಅಪ್ಪ ಅಮ್ಮನೂ ತಿಳಿದಿದ್ದರು.

ದ್ಯಾಮಮ್ಮ ನನ್ನ ತೊಡೆ ಚಿವುಟಿದಳು. ನಾನು ಎದ್ದು ಕುರ್ಚಿ ತಂದು ಹಾಕಿದೆ.

"ಹುಡುಗಿ ವಿಷ್ಯ ಏನ್ ಹೇಳ್ಲಪ್ಪ, ತಲೆ ಎತ್ತಿ ನಡೆದವಳಲ್ಲ."

"ಮನೆ ಕಡೆ ಹೇಗಮ್ಮ? ಸಾಲ ಗೀಲ ಏನಾದ್ರೂ ಇದ್ಯಾ?"

"ಸಾಲಾನಾ? ಅವ್ರಿಗಾ? ಒಂದ್ ರೂಪಾಯಿ ಇಲ್ಲ!"

"ಅವ್ರ್ ಯಾಕೆ ಸಾಲ ಮಾಡ್ತಾರೆ ಮಾರಾಯ್ರೇ," ದ್ಯಾಮಮ್ಮ ಮೊರ ಕೆಳಗಿಟ್ಟು ಮುಂದೆ ಬಂದಳು. "ಬೀದಿಗೆಲ್ಲ ಕೊಡೋರೇ ಅವ್ರು. ನಂಗೂ ಕೊಟ್ಟಿದಾರೆ!"

"ಹೌದಾ? ಬಡ್ಡಿಗಾ?"

"ಬಡ್ಡಿ ಪಡ್ಡಿ ಎಲ್ಲ ಕೇಳೋ ಜನ ಅಲ್ಲ ಬಿಡಿ. ಮನ್ಸು ದೊಡ್ದು."

ಪಾಪ, ನಿಮ್ಮವರು ಒಳ್ಳೆಯವರು. "ಯೋಚ್ನೆ ಮಾಡಿ ಹೇಳಿ ಅಮ್ಮ, ಸಂಘದ ಸಾಲ, ಬ್ಯಾಂಕಿಂದು, ಏನಾದ್ರೂ ಇದ್ರೆ ಹೇಳಿ, ತೊಂದ್ರೆ ಇಲ್ಲ" ಎಂದು ಇನ್ನೊಮ್ಮೆ ಕೇಳಿದರು. ತೊಂದರೆ ಇಲ್ಲ ಎಂದು ಗಂಡಿನ ಕಡೆಯವರು ಹೇಳಿದಾಗಲೇ ಹೆಚ್ಚು ಎಚ್ಚರವಿರಬೇಕು ಎಂದು ನನ್ನ ಅನುಭವ. ನಾನು ಇನ್ನೂ ಗಟ್ಟಿಯಾಗಿ ಇಲ್ಲ ಎಂದೆ. "ತಮ್ಮದು ಯಾವ ಕಡೆ?" ಎಂದು ಮೆಲ್ಲಗೆ ಕೇಳಿದ್ದಕ್ಕೆ "ಅದೆಲ್ಲ ಹೇಳೋ ಹಾಗಿಲ್ಲಮ್ಮ" ಎಂದರು. ಎಂಥ ಗಟ್ಟಿ ಮನೆತನ ಎಂದು ನಾವಿಬ್ಬರೂ ಮನಸ್ಸಿನಲ್ಲೇ ಮೆಚ್ಚಿಕೊಂಡೆವು. ಅಷ್ಟರಲ್ಲಿ ಅವರಿಗೆ ಫೋನ್ ಬಂತು. "ಕವನಂಗೆ ಹಲ್ಲು ನೋವಾ? ಸಂಜೆ ನಾನೇ ಕರ್ಕೊಂಡ್ ಹೋಗ್ತೀನಿ ಬಿಡು" ಎಂದರು. ಅವರು ಬೈಕು ಹತ್ತಿದ ಕೂಡಲೇ ದ್ಯಾಮಮ್ಮ ತೀರ್ಮಾನ ಕೊಟ್ಟಳು: "ಹುಡ್ಗಂಗೆ ಒಬ್ಳೇ ತಂಗಿ. ಕವನಾ ಅಂತ. ನಾದಿನಿ ಕಾಟ ಇಲ್ಲ ಬಿಡು ಮಾರಾಯ್ತಿ, ಹಲ್ಲು ನೋವಿಗೆ ಅಳೋ ವಯಸ್ಸಿನೋಳು."

ಜ್ಞಾನೇಶ ತನ್ನ ಪಾಲಿನದನ್ನು ಅಂಗಡಿಯಲ್ಲೇ ಮುಗಿಸಿದ್ದ. ಬರೀ ಒಳ್ಳೆಯವರು ಎಂದರೆ ಯಾರು ನಂಬುತ್ತಾರೆ, ತೂಕ ಬರಲಿ ಎಂದು, ಹುಡುಗಿಯ ಸೋದರಮಾವ ದುಬೈನಲ್ಲಿದ್ದಾರೆ ಎಂದು ಸೇರಿಸಿದ್ದನಂತೆ. ಪುಷ್ಪಾಳ ತಮ್ಮ ಶಶಿಧರ ದುಬೈಗೆ ಹೋಗುತ್ತೇನೆಂದು ಹಿಂದೊಮ್ಮೆ ಪಾಸ್‌ಪೋರ್ಟ್ ಮಾಡಿಸಿದ್ದು ನಿಜ. ಹೋಗಲಿಲ್ಲ. ಈಗ ತ್ಯಾವರೆಕೊಪ್ಪದಲ್ಲಿ ಹುಲಿ ಸಿಂಹ ನೋಡಲು ಬರುವ ಜನರಿಗೆ ಎಳನೀರು ಕೊಚ್ಚಿ ಕೊಡುತ್ತಾನೆ.

ಅವತ್ತು ಸಂಜೆ ನನಗೆ ಎಂಥ ಸಂತೋಷ! ಚಂದ್ರಹಾಸನಿಗೆ ಫೋನ್ ಮಾಡಿ ಉಪಕಾರ ಹೇಳಿದೆ. "ನಾನ್ಯಾರ್ನೂ ಕಳ್ಸಿಲ್ಲಕ್ಕ" ಎಂದ. ಅವನೂ ಗುಟ್ಟು ಮಾಡುತ್ತಿದ್ದಾನೆ ಎಂದುಕೊಂಡು, ನಾನೂ ಪಕ್ಕದ ಮನೆಯವರಿಗೆ ಹೇಳದೆ ಗುಟ್ಟು ಮಾಡಿದೆ.

ಕೆಲವು ವಾರ ಕಳೆದ ಮೇಲೆ ರಂಜಿನಿಯನ್ನು ನಿಮ್ಮ ಕಚೇರಿಗೆ ಕರೆಸಿದಿರಿ. ಅಲ್ಲಿ ಕೇಳಿದ ಮೊದಲ ಪ್ರಶ್ನೆ, 'ನಿಮ್ಮ ಸೋದರಮಾವ ದುಬೈನಲ್ಲಿ ಏನು ಮಾಡುತ್ತಾರೆ?' ಹುಡುಗಿ ನಕ್ಕುಬಿಟ್ಟಳಂತೆ. ಎದುರಿಗಿದ್ದವರು ನಗಲಿಲ್ಲ. ಎರಡನೆಯದು, 'ನಿಮ್ಮ ಕುಟುಂಬ ಲೇವಾದೇವಿ ನಡೆಸುವುದನ್ನು ಯಾಕೆ ನಮೂದಿಸಿಲ್ಲ?' ಮೂರನೆಯದು, 'ಸಾಲವಿದೆ ಎಂದು ನೀವು ಬರೆದಿದ್ದೀರಿ, ಇಲ್ಲವೇ ಇಲ್ಲ ಎಂದು ನಿಮ್ಮ ಹತ್ತಿರದವರು ಹೇಳುತ್ತಾರೆ. ಆ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ನಿಮ್ಮವರು ಯಾವುದನ್ನು ಮುಚ್ಚುತ್ತಿದ್ದಾರೆ?' ಹಿಂತಿರುಗಿ ಬಸ್ಸಿಳಿದು ಬಂದವಳು ಮನೆಗೆ ಹೋಗಲಿಲ್ಲ. ನೇರ ನನ್ನ ಜಗಲಿಗೆ ಬಂದಳು.

"ಅಜ್ಜಿ, ನನ್ನ ವಿಷ್ಯ ಕೇಳ್ಕೊಂಡು ಯಾರಾದ್ರೂ ಬಂದಿದ್ರಾ?"

"ಬಂದಿದ್ರು ಕಣೆ," ಎಂದು ನಾನು ನಾಚಿಕೆಯಿಲ್ಲದೆ ನಕ್ಕೆ. "ನಿಂಗ್ಯಾರ್ ಹೇಳಿದ್ರು? ಹುಡುಗ ಫೋನ್ ಮಾಡಿದ್ನಾ?"

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಚಪ್ಪಲಿ ಬಿಡದೆ ಮೆಟ್ಟಿಲ ಮೇಲೆಯೇ ಕೂತು ಹೇಳಿದಳು: "ಸಾಲ ಇದ್ರೆ ಕೆಲ್ಸ ಕೊಡಲ್ಲ ಅಂತ ಅಲ್ಲ ಅಜ್ಜಿ. ಮುಚ್ಚಿಟ್ರೆ ಕೊಡಲ್ಲ. ಮುಚ್ಚಿಟ್ಟಿರೋ ಸಾಲ ಇದ್ರೆ ಅದ್ನ ಹಿಡ್ಕೊಂಡು ಯಾರಾದ್ರೂ ಹೆದರಿಸ್ಬೋದು, ದುಡ್ಡು ಕೊಡ್ತೀವಿ ಒಳಗಿನ್ ವಿಷ್ಯ ಹೇಳು ಅನ್ಬೋದು. ಅದಕ್ಕೇ ನಾನು ಎಲ್ಲ ಬರ್ದಿದ್ದೆ. ಒಂದೂ ಬಿಡದೆ ಬರ್ದಿದ್ದೆ. ನೀವೆಲ್ಲ ಸೇರಿ ಅದನ್ನ ಸುಳ್ಳು ಮಾಡಿಬಿಟ್ರಿ."

ದ್ಯಾಮಮ್ಮ ಎದುರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಅಯ್ಯೋ ದೇವ್ರೇ, ಅವ್ರು ನಂಗೆ ಕೊಟ್ಟಿದ್ದು ಇಡ್ಲಿ ಪಾತ್ರೆ ಕಣೆ!" ಎಂದು ಅಳಲು ಶುರುಮಾಡಿದಳು. ಯಾರೂ ನಗಲಿಲ್ಲ.

ಮಾನ್ಯರೇ, ಮೊದಲು ನಿಮ್ಮ ಪಾಲು ಹೇಳಿ ಮುಗಿಸುತ್ತೇನೆ. ಸಾಲದ ಬಗ್ಗೆ ನೀವು ಕೇಳುವುದು ತಪ್ಪಲ್ಲ. ಕೈ ಬಿಗಿಯಾದವರನ್ನು ಹುಡುಕಿಕೊಂಡು ಬರುವ ಕೆಟ್ಟವರಿದ್ದಾರೆ ಎಂಬುದು ನನಗೂ ಅರ್ಥವಾಗುತ್ತದೆ. ಆದರೆ ನಮ್ಮಂಥ ಬೀದಿಯಲ್ಲಿ, ಅಪರಿಚಿತರೊಬ್ಬರು ತಾವು ಯಾರೆಂದು ಹೇಳದೆ ಒಂದು ಹೆಣ್ಣುಮಗಳ ಬಗ್ಗೆ ಕೇಳಿದರೆ ಏನುತ್ತರ ಬರುತ್ತದೆ ಎಂಬ ಸಣ್ಣ ತಿಳಿವಳಿಕೆ ಇಷ್ಟು ದೊಡ್ಡ ಇಲಾಖೆಗೆ ಇಲ್ಲವೇ? ದೇಶದ ಗುಟ್ಟು ಕಾಯುವ ಕೆಲಸವನ್ನು ಅವರೆಕಾಯಿ ಸುಲಿಯುವ ಇಬ್ಬರು ಮುದುಕಿಯರ ಬಾಯಿಗೆ ಬಿಟ್ಟಿರಲ್ಲ, ಇದಕ್ಕಿಂತ ದೊಡ್ಡ ಭದ್ರತಾ ಲೋಪ ಬೇರೆ ಇದೆಯೇ? ರಂಜಿನಿ ಸಹಿ ಹಾಕಿ, ರಸೀದಿ ಸೇರಿಸಿ ಕೊಟ್ಟ ಮಾತಿಗಿಂತ ನನ್ನ ಹೊಗಳಿಕೆಗೆ ಹೆಚ್ಚು ಬೆಲೆ ಕಟ್ಟಿದಿರಿ. ನನ್ನ ಮಾತಿಗೆ ಇಷ್ಟು ಬೆಲೆ ಈ ಊರಿನಲ್ಲಿ ಇದುವರೆಗೆ ಯಾರೂ ಕೊಟ್ಟಿರಲಿಲ್ಲ. ಸರ್ಕಾರಗಳೇ ಸಾಲ ಮಾಡಿ, ಎಷ್ಟು ಮಾಡಿದೆವು ಎಂದು ವರ್ಷಕ್ಕೊಮ್ಮೆ ಸದನದಲ್ಲಿ ತಲೆ ಎತ್ತಿ ಓದಿ ಹೇಳುತ್ತವೆ. ಅದನ್ನು ಯಾರೂ ಕಳಂಕ ಎನ್ನುವುದಿಲ್ಲ. ಹಾಗೆಯೇ ಓದಿ ಹೇಳಿದ ಒಂದು ಹುಡುಗಿಯನ್ನು ಮಾತ್ರ 'ಹಣ ಎಲ್ಲಿಗೆ ಹೋಯಿತು' ಎಂದು ಕೇಳುತ್ತೀರಿ.

ಎಲ್ಲಿಗೆ ಹೋಯಿತೆಂದು ಈಗ ನಾನು ಹೇಳುತ್ತೇನೆ. ಪರಮೇಶಿಯ ಕಾರ್ಖಾನೆಯ ಗುತ್ತಿಗೆ ಕೆಲಸ ನಿಂತಾಗ ಪುಷ್ಪಾ ಹೆಂಗಸರ ಸಂಘದಲ್ಲಿ ಸಾಲ ಎತ್ತಿ ಮನೆ ನಡೆಸಿದಳು. ಆ ಸಂಘದಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಆದ್ದರಿಂದ ಕಟ್ಟದವರ ಬಾಗಿಲಲ್ಲಿ ಉಳಿದವರು ಬಂದು ಕೂರುತ್ತಾರೆ. ಪುಷ್ಪಾಳ ಬಾಗಿಲಲ್ಲೂ ಬಂದು ಕೂತರು. ಬೈಯಲಿಲ್ಲ, ಕೂಗಲಿಲ್ಲ. ಬೆಳಿಗ್ಗೆಯಿಂದ ಸುಮ್ಮನೆ ಕೂತಿದ್ದರು. ಅವರಲ್ಲಿ ಇಬ್ಬರು ಮಧ್ಯಾಹ್ನ ಪುಷ್ಪಾಳ ಕೈಯಿಂದಲೇ ನೀರು ಇಸಿದುಕೊಂಡು ಕುಡಿದರು. ಮಾಚೇನಹಳ್ಳಿಯ ಎರಕದ ಕಾರ್ಖಾನೆಯಲ್ಲಿ ಲೋಹ ಪರೀಕ್ಷೆಯ ಕೆಲಸದಲ್ಲಿದ್ದ ರಂಜಿನಿ ಸಂಜೆ ಬಂದು ಇದನ್ನು ನೋಡಿದಳು. ಮರುದಿನವೇ ತನ್ನ ಸಂಬಳದ ಮೇಲೆ ಒಂದು ಲಕ್ಷದ ಅರವತ್ತು ಸಾವಿರ ಸಾಲ ತೆಗೆದು ಸಂಘದ ಸಾಲ ತೀರಿಸಿದಳು. ಆಮೇಲೆ ಡೆಂಗಿ ಬಂದು ಮಲಗಿದಾಗ ಸಂಬಳ ಬರಲಿಲ್ಲ, ಮೂರು ಕಂತು ತಪ್ಪಿತು. ಎದ್ದ ಮೇಲೆ ದಂಡ ಸಮೇತ ಕಟ್ಟಿ, ಇವತ್ತಿನವರೆಗೂ ತಪ್ಪದೆ ಕಟ್ಟುತ್ತಿದ್ದಾಳೆ. ಸೋದರಮಾವ ತ್ಯಾವರೆಕೊಪ್ಪದಲ್ಲಿದ್ದಾನೆ, ಲೇವಾದೇವಿ ಇಲ್ಲ, ಇಡ್ಲಿ ಪಾತ್ರೆ ದ್ಯಾಮಮ್ಮ ಹಿಂತಿರುಗಿಸಿದ್ದಾಳೆ.

ಇನ್ನು ನನ್ನ ಪಾಲು. ಸಂಘದವರು ಬಾಗಿಲಲ್ಲಿ ಕೂತ ದಿನ ನಾನು ಮನೆಯಲ್ಲೇ ಇದ್ದೆ. ಪಕ್ಕದ ಮನೆ. ಎಲ್ಲ ಕಂಡಿತ್ತು. ಕಿಟಕಿ ಹಾಕಿಕೊಂಡು ಕೂತೆ. ಪುಷ್ಪಾಳಿಗೆ ಮುಜುಗರ ಆಗದಿರಲಿ ಎಂದು ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ನಮ್ಮ ಮನೆತನದ ಬಾಗಿಲಲ್ಲಿ ಸಾಲಕ್ಕೆ ಜನ ಕೂತರಲ್ಲ ಎಂದು ನನಗೇ ನಾಚಿಕೆಯಾಗಿತ್ತು. ನಿಮ್ಮವರು ಬಂದಾಗ ನನ್ನ ಬಾಯಿಂದ 'ಇಲ್ಲ' ಎಂಬುದು ಅಷ್ಟು ಸಲೀಸಾಗಿ ಬಂದದ್ದು ಮದುವೆಯ ಆಸೆಯಿಂದ ಮಾತ್ರವಲ್ಲ. ಆ ಸಾಲ ಇಲ್ಲವೆಂದು ಯಾರ ಮುಂದಾದರೂ ಒಮ್ಮೆ ಹೇಳಬೇಕಾಗಿತ್ತು ನನಗೆ. ದುಡಿದು ತೀರಿಸುತ್ತಿರುವವಳು ಅದನ್ನು ನೇರವಾಗಿ ಬರೆದುಕೊಟ್ಟಳು. ಒಂದು ಪೈಸೆ ಕಟ್ಟದ ನಾನು ಅವಳ ಪರವಾಗಿ ನಾಚಿಕೊಂಡೆ. ಇಷ್ಟು ವಯಸ್ಸಾದ ಮೇಲೆ ನನಗೆ ಸುಳ್ಳಿಗಿಂತ ಸಾಲವೇ ಹೆಚ್ಚು ಅವಮಾನವಾಗಿ ಕಂಡಿತಲ್ಲ, ಈಗ ತಲೆ ತಗ್ಗಿಸಬೇಕಾಗಿರುವುದು ಅದಕ್ಕೆ.

ತಪ್ಪನ್ನು ಸರಿಪಡಿಸಲು ಪರಮೇಶಿಯನ್ನು ಕರೆದುಕೊಂಡು ಶಿವಮೊಗ್ಗದ ನಿಮ್ಮ ಕಚೇರಿಗೂ ಬಂದೆ. ಹೊರಗೆ ಬೋರ್ಡು ಕೂಡ ಇರಲಿಲ್ಲ. ಗೇಟಿನಲ್ಲಿದ್ದವರು, "ಇಂಥ ವಿಷ್ಯ ಇಲ್ಲಿ ಮಾತಾಡೋ ಹಾಗಿಲ್ಲ, ಹೋಗಜ್ಜಿ" ಎಂದರು. "ಮತ್ತೆಲ್ಲಿ ಮಾತಾಡ್ಬೇಕಪ್ಪ?" ಎಂದೆ. "ಅದೂ ಹೇಳೋ ಹಾಗಿಲ್ಲ." ರಿಜಿಸ್ಟರ್ ಪೋಸ್ಟಿನಲ್ಲಿ ಕಾಗದ ಹಾಕಿದೆವು, ಉತ್ತರವಿಲ್ಲ. ಪತ್ರಿಕೆಗೆ ಬರೆಯುತ್ತೇನೆ ಎಂದಾಗ ಪರಮೇಶಿ ಹೌಹಾರಿದ.

"ಅತ್ತೆ, ಪೇಪರ್‌ನಲ್ಲಿ ಹಾಕಿಸ್ತೀಯಾ ನಮ್ಮ ಸಾಲಾನ? ನಾನು ನಾಳೆ ಬಸ್‌ಸ್ಟ್ಯಾಂಡಲ್ಲಿ ಹೇಗ್ ನಿಲ್ಲೋದು?"

"ನಿಂತ್ಕೊ ಅಪ್ಪ, ಕಾಲಲ್ಲಿ," ಎಂದಳು ರಂಜಿನಿ. ಬಹಳ ದಿನದ ಮೇಲೆ ಅವಳ ಬಾಯಿಂದ ತಮಾಷೆ ಬಂದಿತ್ತು. ಆಮೇಲೆ ನನ್ನ ಕಡೆ ತಿರುಗಿದಳು. "ಬರಿ ಅಜ್ಜಿ. ಎಷ್ಟು ಅಂತಾನೂ ಬರಿ, ಮೂರು ಕಂತು ತಪ್ಪಿದ್ದೂ ಬರಿ. ಊರಿಗೆಲ್ಲ ಗೊತ್ತಾದ್ಮೇಲೆ ಅದ್ನ ಹಿಡ್ಕೊಂಡು ನನ್ನ ಯಾರ್ ಹೆದರಿಸ್ತಾರೆ? ಎಲ್ಲಿ ಕೆಲ್ಸ, ಏನ್ ಕೆಲ್ಸ ಅಂತ ಮಾತ್ರ ಬರೀಬೇಡ."

ಬರೆಯಲು ನನಗೆ ಗೊತ್ತೂ ಇಲ್ಲ. ಅದನ್ನು ಅವಳು ಹೆತ್ತವರಿಗೂ ಹೇಳಿಲ್ಲ. ತನ್ನದನ್ನೆಲ್ಲ ಬಿಚ್ಚಿಟ್ಟು ದೇಶದ್ದನ್ನು ಬಚ್ಚಿಡಬಲ್ಲ ಹುಡುಗಿ ನಿಮಗೆ ಬೇಡವಾದರೆ ಇನ್ನೆಂಥವರು ಬೇಕು ಎಂದು ಕೇಳುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ.

ಆದ್ದರಿಂದ ನನ್ನ ಬೇಡಿಕೆ ಇದು. ನಾನು, ದ್ಯಾಮಮ್ಮ, ಜ್ಞಾನೇಶ ಹೇಳಿದ್ದನ್ನು ನಿಮ್ಮ ವರದಿಯಿಂದ ತೆಗೆದುಹಾಕಿ. ಗಡುವು ಮುಗಿಯುವ ಮುಂಚೆ ಅದೇ ಅಧಿಕಾರಿಯನ್ನೋ ಬೇರೆಯವರನ್ನೋ ಇನ್ನೊಮ್ಮೆ ಕಳಿಸಿ. ಬಂದವರು ತಾವು ಯಾರು, ಯಾತಕ್ಕೆ ಬಂದಿದ್ದೇವೆ ಎಂದು ಮೊದಲು ಹೇಳಲಿ. ನಾವು ಮೂವರೂ ಸಾಲಾಗಿ ನಿಂತು, ಹೇಳಿದ್ದು ಸುಳ್ಳು ಎಂದು ಬರೆದು ಸಹಿ ಹಾಕಿ ಕೊಡುತ್ತೇವೆ. ಸುಳ್ಳು ಮಾಹಿತಿ ಕೊಟ್ಟಿದ್ದಕ್ಕೆ ಶಿಕ್ಷೆಯಿದ್ದರೆ ಅದನ್ನು ನನ್ನ ಹೆಸರಿಗೆ ಬರೆಯಿರಿ. ಜಗಲಿ ನನ್ನದು, ಮೊದಲು ಬಾಯಿ ಬಿಟ್ಟವಳೂ ನಾನು. ಅವಳ ಹೆಸರಿನ ಮುಂದೆ ಮಾತ್ರ ನಮ್ಮ ಮಾತು ಉಳಿಯದಿರಲಿ. ಅವಳ ತಲೆಯ ವಿಷಯವಾಗಿ ನಾನು ಹೇಳಿದ್ದೂ ಸುಳ್ಳೇ ಎಂದು ಸೇರಿಸಿಕೊಳ್ಳಿ. ತಲೆ ಎತ್ತಿಯೇ ನಡೆಯುತ್ತಾಳೆ.

ನನಗೆ ಉತ್ತರ ಬೇಡ, ಅದನ್ನು ಕೇಳುವ ಮುಖವೂ ನನಗಿಲ್ಲ. ರಂಜಿನಿಗೆ ಬರೆಯಿರಿ. ದಿನವೂ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಅವಳು ಬಾಗಿಲ ಹೊರಗೆ ಬಂದು ನಿಲ್ಲುತ್ತಾಳೆ. ಅವನು ಮುಂದಿನ ಮನೆಗೆ ಹೋದ ಮೇಲೆ ನನ್ನ ಕಡೆ ನೋಡದೆ ಒಳಗೆ ಹೋಗುತ್ತಾಳೆ. ಎರಡು ಮಾತಾದರೂ ಸರಿ, ದಯವಿಟ್ಟು ಬೇಗ ಬರೆಯಿರಿ.

ಇಂತಿ,
ಕೇಳದೇ ಇದ್ದ ಮದುವೆಗೆ ಹೆಣ್ಣನ್ನು ಹೊಗಳಿ ಕೆಡಿಸಿದ
ಪಕ್ಕದ ಮನೆಯ ಬಂಗಾರಮ್ಮ
ಜನ್ನಾಪುರ, ಭದ್ರಾವತಿ